ಅಪ್‌ಡೇಟ್: ಅಂಬಾಸಡರ್‌ನ ಹಳೆ ಕೂಲೆಂಟ್ ಕೊನೆಗೂ ಪೂರ್ತಿ ಖಾಲಿ

ಅಪ್ಪನ ಅಂಬಾಸಡರ್‌ನ ರೇಡಿಯೇಟರ್ ಖಾಲಿ ಮಾಡಿದರೂ ಅರ್ಧ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಮಾತ್ರ ಬರುತ್ತೆ ಅಂತ ಕೇಳಿದ್ದೆನಲ್ಲ? ನೀವು ಹೇಳಿದ್ದೇ ಸರಿ, ಉಳಿದದ್ದು ಎಂಜಿನ್ ಬ್ಲಾಕ್‌ನಲ್ಲಿತ್ತು. 1489 ಸಿಸಿ ಎಂಜಿನ್‌ನ ಬ್ಲಾಕ್‌ಗೇ ಬೇರೆ ನಲ್ಲಿ ಇದೆ. ಎಂಜಿನ್ ತಣ್ಣಗಿದ್ದಾಗ ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ! ತಂತಿ ಹಾಕಿ ಕೆದಕಿದೆ. ಮೊದಲು ತುಕ್ಕಿನ ರಾಡಿ, ಆಮೇಲೆ ಕೆಂಪು ನೀರು. ವರ್ಷಗಟ್ಟಲೆ ಕೂಲೆಂಟ್‌ಗೆ ಮನೆಯ ಬೋರ್‌ವೆಲ್ ನೀರನ್ನೇ ಬೆರೆಸಿ ತುಂಬಿದ್ದೆವು, ಅದೇ ತಪ್ಪು.

ನೀರು ತಿಳಿಯಾಗುವ ತನಕ ತೊಳೆದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಸಮಸಮ ಹಾಕಿದೆ. ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು ಎಂಜಿನ್ ಓಡಿಸಿ ಗಾಳಿ ಹೊರಬಿಟ್ಟೆ. ನಿನ್ನೆ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬಂದೆ, ಎಂಜಿನ್ ಅತಿಯಾಗಿ ಕಾಯಲಿಲ್ಲ. ಅಪ್ಪನ ಮುಖ ನೋಡಬೇಕಿತ್ತು!

ಹಳೆ ಕೂಲೆಂಟನ್ನು ಗಟಾರಕ್ಕೆ ಚೆಲ್ಲಬೇಡಿ. ಸಿಹಿ ಅಂತ ನಾಯಿ ನೆಕ್ಕಿದರೆ ಜೀವಕ್ಕೇ ಅಪಾಯ. ನಾನು ಕ್ಯಾನಿನಲ್ಲಿ ಮುಚ್ಚಿಟ್ಟಿದ್ದೇನೆ.