ಅಪ್‌ಡೇಟ್: ಬೀಥೋವನ್ ಕೊನೆಯ ಕ್ವಾರ್ಟೆಟ್‌ಗಳು, ಯಾವ ರೆಕಾರ್ಡಿಂಗ್ ಉಳಿಯಿತು?

ಬೀಥೋವನ್‌ನ ಕೊನೆಯ ಸ್ಟ್ರಿಂಗ್ ಕ್ವಾರ್ಟೆಟ್‌ಗಳಿಗೆ (ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲಾ, ಒಂದು ಚೆಲ್ಲೊಗೆ ಬರೆದ ಕೃತಿಗಳು) ಒಂದೇ ಸೆಟ್ ಕೊಳ್ಳುವುದಾದರೆ ಯಾವುದು ಅಂತ ಕೇಳಿದ್ದೆ. ಬುಶ್, ಇಟಾಲಿಯಾನೊ, ತಕಾಚ್ ಎಂದು ಮೂರು ತಂಡಗಳ ಹೆಸರು ಬಂದಿದ್ದವು. ಎಲ್ಲರಿಗೂ ಥ್ಯಾಂಕ್ಸ್.

ಮೂರರಲ್ಲೂ ಮೊದಲು ಕೇಳಿದ್ದು ಓಪಸ್ 131 (ಓಪಸ್ ಅಂದರೆ ಕೃತಿಯ ಸಂಖ್ಯೆ). ಏಳು ಭಾಗ, ನಡುವೆ ಎಲ್ಲೂ ನಿಲ್ಲುವುದಿಲ್ಲ. (ಫೋನಿನಲ್ಲಿ ಕೇಳುವವರು ಒಂದು ಟ್ರ್ಯಾಕ್‌ನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಆ ಜೋಡಣೆಯೇ ಕೆಡುತ್ತದೆ.) ಬುಶ್ ತಂಡ ಇದನ್ನು ರೆಕಾರ್ಡ್ ಮಾಡಿದ್ದು 1936ರಲ್ಲಿ. ಸರಸರ ಸದ್ದು ಇದೆ, ನಿಜ. ಆದರೆ ಮೊದಲ ಭಾಗವಾದ ಫ್ಯೂಗ್‌ನಲ್ಲಿ (ಒಂದೇ ಧಾಟಿಯನ್ನು ವಾದ್ಯಗಳು ಒಂದಾದ ಮೇಲೊಂದು ಎತ್ತಿಕೊಳ್ಳುವ ರಚನೆ) ಸ್ವರದಿಂದ ಸ್ವರಕ್ಕೆ ಜಾರುವ ಆ ಪಿಟೀಲು ಹಾಡಿದ ಹಾಗೇ ಕೇಳುತ್ತದೆ. ಇಟಾಲಿಯಾನೊ ನಿಧಾನ, ನಾದ ತುಂಬಾ ಚೆಂದ. ನನಗೆ ಸ್ವಲ್ಪ ಜಾಸ್ತಿಯೇ ಚೆಂದ. ತಕಾಚ್‌ನಲ್ಲಿ ನಾಲ್ಕೂ ವಾದ್ಯ ಬಿಡಿಬಿಡಿಯಾಗಿ ಕೇಳುತ್ತವೆ, ಮುಖ್ಯವಾಗಿ ವಿಯೋಲಾ. ಕೊಂಡಿದ್ದು ಅದನ್ನೇ.

ಓಪಸ್ 130 ಕೊಳ್ಳುವಾಗ ಮಾತ್ರ ಟ್ರ್ಯಾಕ್ ಪಟ್ಟಿ ನೋಡಿ. ಅದರ ಮೂಲ ಕೊನೆಯ ಭಾಗ 'ಗ್ರೋಸೆ ಫ್ಯೂಗೆ', ಅಂದರೆ 'ಮಹಾ ಫ್ಯೂಗ್'. ತುಂಬಾ ಕಷ್ಟ ಅನ್ನಿಸಿ, ಪ್ರಕಾಶಕರ ಒತ್ತಾಯಕ್ಕೆ ಬೀಥೋವನ್ 1826ರಲ್ಲಿ ಹಗುರಾದ ಬೇರೊಂದನ್ನು ಬರೆದ. ಹಳೆಯದು ಓಪಸ್ 133 ಆಗಿ ಬೇರೆಯಾಯಿತು. ಎರಡೂ ಇರುವ ಸೆಟ್ ಆದರೆ ಕ್ರಮ ನಾವೇ ಹಾಕಿಕೊಳ್ಳಬಹುದು, ಅಲ್ವಾ? ನಾನಂತೂ ಕೊನೆಯ ಭಾಗಕ್ಕೆ ಮುಂಚಿನ ನಿಧಾನಗತಿಯ ಕವಾಟೀನಾ ಮುಗಿದ ಕೂಡಲೇ ಫ್ಯೂಗೆ ಹಾಕುತ್ತೇನೆ. ಮನೆಯವರಿಗೆ ಹಗುರಾದದ್ದೇ ಇಷ್ಟ.

ಬುಶ್ ಸ್ಟ್ರೀಮಿಂಗ್‌ನಲ್ಲೇ ಸಿಗುತ್ತದೆ, ಹಾಗಾಗಿ ಅದಕ್ಕೆ ದುಡ್ಡು ಹಾಕಲಿಲ್ಲ. ಮುಂದಿನದು ಹೈಡನ್‌ನ ಓಪಸ್ 76. ಆರು ಕ್ವಾರ್ಟೆಟ್‌ಗಳಿಗೂ ಒಂದೇ ತಂಡ ಸಾಕೇ, ಹೇಳಿ.