ತಾರಸಿ ಮೇಲೆ ಬಟ್ಟೆ ಹಗ್ಗ: ಜೋತು ಬೀಳ್ತಿದೆ, ಟವೆಲ್ ಹಪ್ಪಳ ಆಗ್ತಿದೆ

ಮಾಳಿಗೆಮನೆ:
ಎರಡು ಗೋಡೆಗಳ ನಡುವೆ 4 ಮೀಟರ್ ನೈಲಾನ್ ಹಗ್ಗ ಕಟ್ಟಿದ್ದೀನಿ. ಒಂದು ಬಕೆಟ್ ಬಟ್ಟೆ ಹರವಿದ್ರೆ ಬೆಡ್‌ಶೀಟ್ ಅಂಚು ನೆಲ ಗುಡಿಸುತ್ತೆ. ಬಿಗಿ ಮಾಡಿದ್ರೆ ಗೋಡೆಯ ಕೊಕ್ಕೆ ಅಲ್ಲಾಡುತ್ತೆ. ಟವೆಲ್ಲಂತೂ ಒಣಗಿದ ಮೇಲೆ ಹಪ್ಪಳ. ಡ್ರೈಯರ್ ತಗೊಳ್ಳೋ ಮನಸ್ಸಿಲ್ಲ, ಬಿಸಿಲಲ್ಲಿ ಒಣಗಿದ ಬಟ್ಟೆಯ ಆ ಘಮ ಬೇಕೇ ಬೇಕು. ಏನು ಮಾಡಲಿ?

ಕವೆಗೋಲು:
ಹಗ್ಗವನ್ನ ವೀಣೆ ತಂತಿ ಥರ ಬಿಗಿಯಬೇಡಿ. 4 ಮೀಟರ್ ಉದ್ದಕ್ಕೂ 10 ಕೆಜಿ ಒದ್ದೆ ಬಟ್ಟೆ ಹರವಿದಾಗ ಹಗ್ಗ ನಡುವೆ 20 ಸೆಂ.ಮೀ. ಜೋತರೆ ಕೊಕ್ಕೆಯ ಮೇಲಿನ ಎಳೆತ ಸುಮಾರು 25 ಕೆಜಿ. 10 ಸೆಂ.ಮೀ. ಮಾತ್ರ ಜೋಲೋ ಹಾಗೆ ಬಿಗಿದ್ರೆ ಅದೇ ಬಟ್ಟೆಗೆ 50 ಕೆಜಿ! ಕೊಕ್ಕೆ ಕಿತ್ತು ಬರೋದು ಅದಕ್ಕೇ. ನಡುವೆ ಒಂದು ಕವಲು ಬಿದಿರು ಊರಿ ಹಗ್ಗ ಎತ್ತಿಕೊಡಿ. ಆಗ 10 ಸೆಂ.ಮೀ. ಜೋಲಿಗೂ ಎಳೆತ 12–13 ಕೆಜಿಗೆ ಇಳಿಯುತ್ತೆ.

ನೈಲಾನ್ ನೀರು ಕುಡಿದು ಹಿಗ್ಗುತ್ತೆ, ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿ ಹಾಕಿ. ಬರೀ ಜಿಐ ತಂತಿ ಬೇಡ, ಸತುವಿನ ಲೇಪ ಸವೆದ ಕಡೆ ತುಕ್ಕು ಹಿಡಿದು ಪಂಚೆ ಮೇಲೆ ಕಂದು ಗೆರೆ ಬೀಳುತ್ತೆ. ಬಿದ್ದರೆ ಬ್ಲೀಚ್ ಮುಟ್ಟಬೇಡಿ, ಕಲೆ ಕೂತುಬಿಡುತ್ತೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡಿ.

ನೂಲೆಳೆ:
ನಿಂಬೆ ಬಿಳಿ ಬಟ್ಟೆಗೆ ಮಾತ್ರ, ಬಣ್ಣದ್ದಕ್ಕೆ ಹಚ್ಚಿದ್ರೆ ಅಲ್ಲೇ ಮಾಸುತ್ತೆ.

ಟವೆಲ್ ವಿಷಯ: ಹತ್ತಿ ಎಳೆಗಳಲ್ಲಿ ಕೊನೆಗೆ ಉಳಿಯೋ ತೇವವೇ ಅಂಟಿನ ಥರ ಎಳೆಗೆ ಎಳೆ ಹಿಡಿಸಿಬಿಡುತ್ತೆ. ಬೋರ್‌ವೆಲ್ ಗಡಸು ನೀರು, ಸರಿಯಾಗಿ ಜಾಲಿಸದ ಸೋಪು ಸೇರಿದ್ರೆ ಕೇಳೋದೇ ಬೇಡ. ಹರವೋಕೆ ಮುಂಚೆ ಎರಡು ಮೂಲೆ ಹಿಡಿದು ಎಂಟು-ಹತ್ತು ಸಲ ಫಟ್ ಫಟ್ ಅಂತ ಒದರಿ, ಮಲಗಿದ್ದ ಕುಣಿಕೆಗಳು ಎದ್ದು ನಿಲ್ಲೋದು ಕಣ್ಣಿಗೇ ಕಾಣುತ್ತೆ. ಒಣಗಿದ ಮೇಲೆ ಇನ್ನೊಮ್ಮೆ ಒದರಿ, ಮೆತ್ತಗಾಗುತ್ತೆ. ಗಾಳಿಯಿರೋ ದಿನ ಈ ಕೆಲಸ ಅರ್ಧ ಗಾಳಿಯೇ ಮಾಡುತ್ತೆ.

ಅಂಗಿಯ ಕೆಳ ಅಂಚಿಗೆ ಕ್ಲಿಪ್ ಹಾಕಿ ತಲೆಕೆಳಗಾಗಿ ನೇತುಹಾಕಿ, ಭುಜದಲ್ಲಿ ಮೂತಿ ಏಳಲ್ಲ. ಗಾಢ ಬಣ್ಣ ಒಳಮಗ್ಗುಲು ಹೊರಗೆ. ಗಂಜಿ ಹಾಕಿದ ಸೀರೆಯನ್ನ ಎರಡು ಹಗ್ಗದ ಮೇಲೆ ಚಪ್ಪರದ ಥರ ಹರವಿ, ಚೂರು ತೇವ ಇರೋವಾಗಲೇ ತೆಗೆದು ಮಡಚಿ.

ಎಳೆಬಿಸಿಲು:
ಆ ಘಮ ಬರೀ ಭ್ರಮೆ ಅಲ್ಲ. 2020ರಲ್ಲಿ ರಸಾಯನ ವಿಜ್ಞಾನಿಗಳು ಹತ್ತಿ ಟವೆಲ್‌ಗಳನ್ನ ಒಳಗೆ, ನೆರಳಲ್ಲಿ, ಬಿಸಿಲಲ್ಲಿ ಒಣಗಿಸಿ ಹೋಲಿಸಿದ್ರು. ಬಿಸಿಲಿನದರಲ್ಲಿ ಮಾತ್ರ ಪೆಂಟನಲ್, ಆಕ್ಟನಲ್, ನೋನನಲ್ ಥರದ ಸುವಾಸನೆಯ ವಸ್ತುಗಳು ಸಿಕ್ಕವು. ಅಂದ್ರೆ ಬಟ್ಟೆ ಒದ್ದೆ ಇರುವಾಗಲೇ ಬಿಸಿಲು ಬೀಳಬೇಕು. ನೆರಳಲ್ಲಿ ಒಣಗಿಸಿ ಆಮೇಲೆ ಬಿಸಿಲಿಗೆ ತಂದ್ರೆ ಆ ಘಮ ನೆಚ್ಚಬೇಡಿ. ಹತ್ತಿ ಟವೆಲ್, ಬೆಡ್‌ಶೀಟ್‌ಗೆ ಬಿಸಿಲಿನ ಜಾಗ ಕೊಟ್ಟು, ರೇಷ್ಮೆನ, ಗಾಢ ಬಣ್ಣದ್ದನ್ನ ನೆರಳಿನ ತುದಿಗೆ ತಳ್ಳಿ.

ಮುಗ್ಗಲು ವಾಸನೆ ಬೇರೆ, ಅದು ನಿಧಾನ ಒಣಗಿದ ಬಟ್ಟೆಯಲ್ಲಿ ಬೆಳೆಯೋ ಬ್ಯಾಕ್ಟೀರಿಯಾದ್ದು. ಬಟ್ಟೆಗೂ ಬಟ್ಟೆಗೂ ನಾಲ್ಕು ಬೆರಳು ಜಾಗ ಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಹಾಕಿದ್ರೆ ಒಣಗುತ್ತೆ, ಹೊಗೆ ವಾಸನೆಯೂ ಕೂರುತ್ತೆ. ಫ್ಯಾನ್ ಕೆಳಗೇ ವಾಸಿ.

ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಯೊಳಗೆ ತೆಗೆದುಬಿಡಿ, ಬಿಸಿಲು ಇಳಿದ ಮೇಲೆ ಬಟ್ಟೆ ಮತ್ತೆ ತೇವ ಹೀರುತ್ತೆ.