ಸಾಲಮನ್ನಾ ಆದ ದೇಶದಲ್ಲಿ ಘಟಕ ಹಾಕಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಬೆಳಗಾವಿಯಿಂದ

ಎಲ್ಲರಿಗೂ ನಮಸ್ಕಾರ ರೀ. ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಬೋರ್‌ವೆಲ್ ಪಂಪಿನ ಬಿಡಿಭಾಗ ಎರಕ ಹೊಯ್ಯುತ್ತೇವೆ. ಮೂರು ವರ್ಷದಿಂದ ಜಾಂಬಿಯಾದ ಒಬ್ಬ ವ್ಯಾಪಾರಿ ನಮ್ಮ ಮಾಲು ತರಿಸಿಕೊಳ್ಳುತ್ತಿದ್ದಾರೆ. ಈಗ ಅವರು "ಇಲ್ಲೇ ಬಂದು ಪಂಪ್ ಜೋಡಿಸುವ ಘಟಕ ಹಾಕಿ, ಅರ್ಧ ಪಾಲು ನಿಮ್ಮದು" ಅನ್ನುತ್ತಿದ್ದಾರೆ. ಇದರ ನಡುವೆ ಒಬ್ಬ ಸಲಹೆಗಾರರು ಬೆನ್ನು ಹತ್ತಿದ್ದಾರೆ. "ಆ ದೇಶದ ಸಾಲ ಎಲ್ಲ ಮನ್ನಾ ಆಗಿದೆ, ವಿದೇಶಿ ಬಂಡವಾಳ ಹೊಳೆಯಂತೆ ಬರುತ್ತಿದೆ, ತಡ ಮಾಡಬೇಡಿ" ಅಂತ. ಹುಡುಕಿದರೆ "ಭಾರಿ ಸಾಲದ ಬಡ ದೇಶಗಳು" ಅನ್ನುವ ಪಟ್ಟಿಯಲ್ಲಿ ಜಾಂಬಿಯಾದ ಹೆಸರಿದೆ. 2020ರಲ್ಲಿ ಸಾಲ ಕಟ್ಟಲಾಗದೆ ಕೈಯೆತ್ತಿತು ಅಂತಲೂ ಇದೆ. ಮನ್ನಾ ಆದ ಮೇಲೆ ಮತ್ತೆ ಸಾಲ ಎಲ್ಲಿಂದ ಬಂತು? ಬಂಡವಾಳ ಹರಿದು ಬರುತ್ತಿರುವುದು ನಿಜವಾ?

ನಾವು ಹಾಕಬೇಕಾದ ದುಡ್ಡು ಒಂದೂವರೆ ಕೋಟಿ. ಅಪ್ಪ ಬೇಡವೇ ಬೇಡ ಅನ್ನುತ್ತಾರೆ. ತಮ್ಮ ನಾಳೆಯೇ ಹೊರಡೋಣ ಅನ್ನುತ್ತಾನೆ. ನಡುವೆ ನಾನು.

ಮೈಸೂರು, ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು

ನಿಮ್ಮ ಸಲಹೆಗಾರರು ಹಳೇ ಪಹಣಿ ತೋರಿಸುತ್ತಿದ್ದಾರೆ. ವಿಶ್ವಬ್ಯಾಂಕ್ ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸೇರಿ ಭಾರಿ ಸಾಲದ ಬಡ ದೇಶಗಳಿಗೆ ಸಾಲಮನ್ನಾ ಮಾಡುವ ಈ ಯೋಜನೆ ಶುರು ಮಾಡಿದ್ದು 1996ರಲ್ಲಿ. ಪಟ್ಟಿಯಲ್ಲಿ 39 ದೇಶಗಳು, ಅದರಲ್ಲಿ 33 ಆಫ್ರಿಕಾದವು. ನಮ್ಮಲ್ಲಿ ಚುನಾವಣೆ ಹತ್ತಿರ ಬಂದಾಗ ಆಗುವ ಸಾಲಮನ್ನಾ ಥರ ಒಂದು ಆದೇಶಕ್ಕೆ ಮುಗಿಯುವುದಿಲ್ಲ. ಐಎಂಎಫ್ ಹೇಳಿದ ಶಿಸ್ತನ್ನು ಕೆಲವು ವರ್ಷ ಪಾಲಿಸಬೇಕು, ಬಡತನ ಇಳಿಸುವ ಯೋಜನೆ ಬರೆದು ಜಾರಿ ಮಾಡಿ ತೋರಿಸಬೇಕು. ಆಮೇಲೆ ಪೂರ್ತಿ ಮನ್ನಾ. ಮೊದಲು ದಾಟಿದ್ದು ಉಗಾಂಡಾ, 1998ರಲ್ಲಿ. ಸೊಮಾಲಿಯಾ 2023ರ ಡಿಸೆಂಬರ್‌ನಲ್ಲಿ ದಾಟಿ 37ನೆಯದಾಯಿತು.

ಜಾಂಬಿಯಾದ ಸರದಿ 2005ರಲ್ಲೇ ಮುಗಿದಿತ್ತು. ಸುಮಾರು 700 ಕೋಟಿ ಡಾಲರ್ ಇದ್ದ ವಿದೇಶಿ ಸಾಲ 100 ಕೋಟಿಯ ಆಸುಪಾಸಿಗೆ ಇಳಿಯಿತು. ಹೊಸ ಸಾಲಗಾರನಿಗೆ ಎಲ್ಲರೂ ಸಾಲ ಕೊಡುತ್ತಾರೆ, ಅಲ್ವಾ? 2012ರಲ್ಲಿ 75 ಕೋಟಿ, 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ ಡಾಲರ್ ಬಾಂಡ್, ಅಂದರೆ ಸಾಲಪತ್ರ, ಮಾರಿದರು. ಜೊತೆಗೆ ರಸ್ತೆಗೆ, ವಿಮಾನ ನಿಲ್ದಾಣಕ್ಕೆ ಚೀನಾದ ಸಾಲ. 2020ರ ನವೆಂಬರ್‌ನಲ್ಲಿ 4.25 ಕೋಟಿ ಡಾಲರ್ ಬಡ್ಡಿ ಕಂತು ತಪ್ಪಿತು. ಸಾಲ ಕೊಟ್ಟ ಸರ್ಕಾರಗಳ ಜೊತೆ 2023ರಲ್ಲಿ, ಬಾಂಡ್ ಇಟ್ಟುಕೊಂಡವರ ಜೊತೆ 2024ರಲ್ಲಿ ರಾಜಿ ಆಯಿತು. ಈ ಸಲದ್ದು ಬಹುಪಾಲು ಕಂತು ಮುಂದಕ್ಕೆ ಹಾಕಿದ್ದು, ಬಡ್ಡಿ ಇಳಿಸಿದ್ದು. ಮನ್ನಾ ಅನ್ನಬೇಡಿ.

ಸಾಲಕ್ಕೂ ಬಂಡವಾಳಕ್ಕೂ ನಂಟು ಇರುವುದು ಹೀಗೆ. ತಲೆ ಮೇಲೆ ಸಾಲ ಇರುವವನ ಹೊಲವನ್ನು ಪಾಲಿಗೆ ಮಾಡಲು ಯಾರೂ ಮುಂದೆ ಬರುವುದಿಲ್ಲ. ಬೆಳೆ ಬಂದರೆ ಮೊದಲು ಸಾಲ ಕೊಟ್ಟವನು ಬಂದು ನಿಲ್ಲುತ್ತಾನೆ ಅನ್ನುವ ಭಯ. ದೇಶದ ಮಟ್ಟಿಗೆ ಆ ಭಯದ ಹೆಸರು ನಾಳೆಯ ತೆರಿಗೆ, ಸಾಲ ತೀರಿಸಲು ಸರ್ಕಾರ ಲಾಭದ ಮೇಲೆ ಹಾಕುವುದು. ಮನ್ನಾ ಮಾಡಿದರೆ ಭಯ ಹೋಗಿ ಬಂಡವಾಳ ಬರುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ಜಾಂಬಿಯಾದಲ್ಲಿ ಬಂಡವಾಳ ಬಂದದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಚೀನಾ ತಾಮ್ರ ಕೊಳ್ಳುತ್ತಿತ್ತು, ಬೆಲೆ ಏರುತ್ತಿತ್ತು. ಬಂದವರು ಮನ್ನಾ ನೋಡಿ ಬಂದರೋ ತಾಮ್ರ ನೋಡಿ ಬಂದರೋ? ನನ್ನ ಅನುಮಾನ ತಾಮ್ರದ ಕಡೆಗೇ.

ಜಾಂಬಿಯಾದ ಕಿಟ್ವೆ ಮತ್ತು ಲುಸಾಕಾದಲ್ಲಿ ಒಂಬತ್ತು ವರ್ಷ ಲೆಕ್ಕಪತ್ರ ನೋಡಿದವನು

ಮೇಷ್ಟ್ರು ಹೇಳಿದ್ದು ಸರಿ. "ಹೊಳೆಯಂತೆ" ಅನ್ನುವ ಮಾತನ್ನು ನಾನು ಸ್ವಲ್ಪ ಬಿಡಿಸುತ್ತೇನೆ, ಯಾಕೆಂದರೆ ಆ ಅಂಕಿಯನ್ನು ತುಂಬಿ ಕಳಿಸುವ ಕೆಲಸ ನನ್ನದೂ ಆಗಿತ್ತು.

ಹೊರಗಿನವರು ಒಂದು ಕಂಪನಿಯಲ್ಲಿ ಶೇ. 10ಕ್ಕಿಂತ ಕಮ್ಮಿ ಇಲ್ಲದ ಪಾಲು ಹಿಡಿದರೆ ಅದು ನೇರ ಹೂಡಿಕೆ. ಅದರಲ್ಲಿ ಮೂರು ಬಾಬತ್ತು ಸೇರುತ್ತವೆ. ಹೊಸದಾಗಿ ತಂದ ಷೇರು ಹಣ, ಅಲ್ಲೇ ದುಡಿದು ಹೊರಗೆ ಕಳಿಸದೆ ಉಳಿಸಿಕೊಂಡ ಲಾಭ, ಮತ್ತೆ ಮೂಲ ಕಂಪನಿ ತನ್ನ ಮರಿ ಕಂಪನಿಗೆ ಕೊಟ್ಟ ಸಾಲ. ಎರಡನೆಯದು ಗಡಿಯನ್ನೇ ದಾಟಿಲ್ಲ, ಆದರೂ "ಬಂತು" ಅಂತ ಬರೆಯುತ್ತಾರೆ. ಮೂರನೆಯದು ಬಡ್ಡಿ ಸಮೇತ ವಾಪಸ್ ಹೋಗುತ್ತದೆ. ಬಂದದ್ದನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಲಾಭಾಂಶ, ಬಡ್ಡಿ ಅಂತ ಹೋದದ್ದು ಬೇರೆ ಕೋಷ್ಟಕದಲ್ಲಿ ಇರುತ್ತದೆ. ಅದನ್ನು ಯಾವ ಸಲಹೆಗಾರನೂ ತೋರಿಸಿದ್ದು ನಾನು ಕಂಡಿಲ್ಲ.

ಇನ್ನು ಆ ಹಣ ಹೋಗುವುದು ಎಲ್ಲಿಗೆ? ಹೆಚ್ಚಾಗಿ ಗಣಿಗೆ. ಸರ್ಕಾರಿ ತಾಮ್ರದ ಗಣಿಗಳನ್ನು 1997ರಿಂದ 2000ದ ಒಳಗೆ ಹಂಚಿ ಮಾರಿದರು. ಅದರಲ್ಲಿ ಕೊಂಕೋಲಾ ಗಣಿಯ ಕಥೆ ಕೇಳಿ. ಕೊಂಡಿದ್ದ ಆಂಗ್ಲೋ ಅಮೆರಿಕನ್ ಕಂಪನಿ 2002ರಲ್ಲಿ ಬಿಟ್ಟು ಹೋಯಿತು. 2004ರಲ್ಲಿ ವೇದಾಂತ ಕಂಪನಿ ಶೇ. 51 ಪಾಲು ಹಿಡಿಯಿತು, ಮುಂಗಡ ಕೊಟ್ಟದ್ದು 2.5 ಕೋಟಿ ಡಾಲರ್. ಹತ್ತು ವರ್ಷ ಆದ ಮೇಲೆ ಕಂಪನಿಯ ಮುಖ್ಯಸ್ಥ ಅನಿಲ್ ಅಗರ್ವಾಲ್ ಒಂದು ಸಭೆಯಲ್ಲಿ, ಅಷ್ಟು ಕಮ್ಮಿಗೆ ಕೊಂಡ ಗಣಿ ವರ್ಷಕ್ಕೆ ಕನಿಷ್ಠ 50 ಕೋಟಿ ಡಾಲರ್ ಕೊಡುತ್ತಿದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಆ ವಿಡಿಯೊ 2014ರಲ್ಲಿ ಜಾಂಬಿಯಾ ತಲುಪಿ ದೊಡ್ಡ ಗಲಾಟೆ ಆಯಿತು. ಆ ತಿಂಗಳು ಕಿಟ್ವೆ ಸಂತೆಗೆ ಹೋದರೆ ತರಕಾರಿ ಮಾರುವ ಹೆಂಗಸರೂ "ನೀವು ಇಂಡಿಯನ್ನರು ತಾನೇ" ಅಂತ ನಗುತ್ತಿದ್ದರು. ನಗು ಪೂರ್ತಿ ನಗು ಆಗಿರಲಿಲ್ಲ. 2019ರಲ್ಲಿ ಸರ್ಕಾರ ಆ ಗಣಿಯನ್ನು ಲಿಕ್ವಿಡೇಟರ್ (ಕಂಪನಿ ಮುಚ್ಚಿ ಆಸ್ತಿ ವಿಲೇವಾರಿ ಮಾಡುವವರು) ಕೈಗೆ ಕೊಟ್ಟಿತು. ಐದು ವರ್ಷ ಕೋರ್ಟು ಕಚೇರಿ ಆಗಿ 2024ರಲ್ಲಿ ವಾಪಸ್ ವೇದಾಂತಕ್ಕೇ ಬಂತು.

ಇದೆಲ್ಲ ಆನೆಗಳ ಜಗಳ. ನಿಮ್ಮದು ಇರುವೆ ಸಾಲು. ನಿಮಗೆ ತಟ್ಟುವುದು ಕ್ವಾಚಾ, ಅಂದರೆ ಜಾಂಬಿಯಾದ ಹಣ.

ನಾನಿದ್ದ ಹಾರ್ಡ್‌ವೇರ್ ಕಂಪನಿ ಮಾಲನ್ನು 90 ದಿನದ ಉದ್ದರಿಯಲ್ಲಿ ಡಾಲರಿಗೆ ತರಿಸುತ್ತಿತ್ತು, ಊರಲ್ಲಿ ಕ್ವಾಚಾಕ್ಕೆ ಉದ್ದರಿ ಕೊಡುತ್ತಿತ್ತು. 2015ರ ಜನವರಿಯಲ್ಲಿ ಡಾಲರಿಗೆ 6 ಕ್ವಾಚಾ ಚಿಲ್ಲರೆ. ವರ್ಷದ ಕೊನೆಗೆ 11ರ ಸುತ್ತ. ಮಾರಾಟ ಚೆನ್ನಾಗಿತ್ತು, ವಸೂಲಿಯೂ ಸರಿಯಾಗೇ ಆಗುತ್ತಿತ್ತು. ಆದರೂ ವಸೂಲಾದ ಕ್ವಾಚಾ ಹಿಡಿದು ಬ್ಯಾಂಕಿಗೆ ಹೋದರೆ ಪೂರ್ತಿ ಬಿಲ್ಲಿಗೆ ಡಾಲರ್ ಆಗುತ್ತಿರಲಿಲ್ಲ. ಅದೇ ವರ್ಷ ತಾಮ್ರದ ಬೆಲೆ ಬಿತ್ತು, ಮಳೆ ಕೈಕೊಟ್ಟಿತು, ಕರೀಬಾ ಜಲಾಶಯ ಇಳಿದು ಕರೆಂಟ್ ಹೋಯಿತು. ಒಂದೊಂದಾಗಿ ಬರುವುದಿಲ್ಲ ಸ್ವಾಮಿ, ಎಲ್ಲವೂ ಕೈಕೈ ಹಿಡಿದುಕೊಂಡೇ ಬರುತ್ತವೆ. 2024ರ ಬರದಲ್ಲಿ ಮತ್ತೆ ಅದೇ ಆಯಿತು, ದಿನಕ್ಕೆ ಮೂರ್ನಾಲ್ಕು ಗಂಟೆ ಕರೆಂಟ್ ಬಂದರೆ ಹಬ್ಬ. ನಿಮ್ಮ ಪಂಪಿಗೆ ಬರಗಾಲದಲ್ಲಿ ಬೇಡಿಕೆ ಜಾಸ್ತಿ ಆಗುತ್ತದೆ, ಸರಿ. ಕರೆಂಟಿಲ್ಲದೆ ಅದನ್ನು ಓಡಿಸುವವರು ಯಾರು? ಸೋಲಾರ್ ಪಂಪ್ ಆದರೆ ಮಾತು ಬೇರೆ.

ಹಾಸನ, ಇಥಿಯೋಪಿಯಾದ ಗುಲಾಬಿ ತೋಟದಲ್ಲಿ ದುಡಿದು ಬಂದವನು

ಅಣ್ಣಾ, ಹಣ ಹೊರಗೆ ತರುವ ವಿಷಯದಲ್ಲಿ ಜಾಂಬಿಯಾ ವಾಸಿ. ಅಲ್ಲಿ 1994ರಲ್ಲೇ ವಿದೇಶಿ ವಿನಿಮಯದ ನಿರ್ಬಂಧ ತೆಗೆದಿದ್ದಾರೆ. ದುಬಾರಿ ಆದರೂ ಡಾಲರ್ ಸಿಗುತ್ತದೆ. ನಾನು ಹೊಲೆಟಾದಲ್ಲಿ ಇದ್ದಾಗ ಇಥಿಯೋಪಿಯಾದಲ್ಲಿ ಉಲ್ಟಾ. ಬೋರ್ಡಿನ ಮೇಲೆ ದರ ಚೆಂದ, ಬ್ಯಾಂಕಲ್ಲಿ ಡಾಲರ್ ಇಲ್ಲ.

ನಮ್ಮ ಹೂವು ಸಂಜೆ ಕೊಯ್ದು, ತಣ್ಣಗಿನ ಕೋಣೆಯಲ್ಲಿಟ್ಟು, ರಾತ್ರಿ ಅಡಿಸ್ ಅಬಾಬಾದಿಂದ ವಿಮಾನ ಹತ್ತಿ ಹಾಲೆಂಡಿನ ಹರಾಜಿಗೆ ಹೋಗುತ್ತಿತ್ತು. ರಫ್ತು ಮಾಡುವವರಾದ್ದರಿಂದ ಬಂದ ಡಾಲರಲ್ಲಿ ಒಂದು ಪಾಲು ಇಟ್ಟುಕೊಳ್ಳಬಹುದಿತ್ತು. ಗೊಬ್ಬರ, ಪ್ಲಾಸ್ಟಿಕ್ ಹಾಳೆ ತರಿಸುವುದಕ್ಕೆ ತೊಂದರೆ ಇರಲಿಲ್ಲ. ಪಕ್ಕದಲ್ಲೇ ಪ್ಲಾಸ್ಟಿಕ್ ಪೈಪ್ ಕಾರ್ಖಾನೆ ಹಾಕಿದ ಗುಜರಾತಿ ಒಬ್ಬರು ಒಳದೇಶಕ್ಕೆ ಮಾರುವವರು. ಕಚ್ಚಾ ಮಾಲಿಗೆ ಎಲ್‌ಸಿ (ಆಮದಿಗೆ ಬ್ಯಾಂಕ್ ಕೊಡುವ ಪಾವತಿ ಖಾತ್ರಿ) ತೆಗೆಯಲು ಏಳು ತಿಂಗಳು ಕ್ಯೂ. ಯಂತ್ರ ನಿಂತಿದೆ, ಕೆಲಸದವರಿಗೆ ಸಂಬಳ ಹೋಗುತ್ತಿದೆ, ಲಾಭ ಅಲ್ಲಿನ ಹಣ ಬಿರ್‌ನಲ್ಲಿ ಕೊಳೆಯುತ್ತಿದೆ. ಆ ದೇಶಕ್ಕೆ 2004ರಲ್ಲಿ ಮನ್ನಾ ಆಗಿತ್ತು. 2023ರ ಡಿಸೆಂಬರ್‌ನಲ್ಲಿ ಬಾಂಡಿನ ಬಡ್ಡಿ ತಪ್ಪಿಸಿತು. 2024ರ ಜುಲೈನಲ್ಲಿ ಬಿರ್ ದರದ ಮೇಲಿನ ಸರ್ಕಾರದ ಹಿಡಿತ ಬಿಟ್ಟರು. ಡಾಲರಿಗೆ 57 ಇದ್ದದ್ದು ಕೆಲವೇ ವಾರದಲ್ಲಿ 100 ದಾಟಿತು. ಅಷ್ಟು ವರ್ಷ ಕೂಡಿಟ್ಟ ಲಾಭ ಒಂದೇ ಏಟಿಗೆ ಅರ್ಧ.

ಇಥಿಯೋಪಿಯಾದ ಗಾಂಬೆಲಾ ಪ್ರಾಂತ್ಯದ ವಿಷಯ ನಿಮಗೂ ಗೊತ್ತಿರಬಹುದು. ಬೆಂಗಳೂರಿನ ಕರುತುರಿ ಗ್ಲೋಬಲ್ ಅಲ್ಲಿ 1 ಲಕ್ಷ ಹೆಕ್ಟೇರ್ ಗುತ್ತಿಗೆ ಹಿಡಿದಾಗ ಪೇಪರಲ್ಲೆಲ್ಲ ಅದೇ ಸುದ್ದಿ. 2011ರಲ್ಲಿ ಬಾರೋ ನದಿ ಉಕ್ಕಿ ಮೆಕ್ಕೆಜೋಳ ಮುಳುಗಿತು. ಕೊಟ್ಟ ಭೂಮಿಯಲ್ಲಿ ಬೆಳೆ ಆದದ್ದು ಸಣ್ಣ ತುಂಡಿನಲ್ಲಿ. 2015ರಲ್ಲಿ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಹೂಡಿಕೆ ಒಪ್ಪಂದ ಅಂತ ಘೋಷಣೆ ಆಗುವ ಅಂಕಿಗೂ ನೆಲಕ್ಕೆ ಇಳಿಯುವ ದುಡ್ಡಿಗೂ ಎಷ್ಟು ದೂರ ಅಂತ ಇದರಲ್ಲೇ ನೋಡಿ.

ಕೇಳಿದವರು, ಬೆಳಗಾವಿ

ಓದಿ ಎದೆ ಧಸಕ್ ಅಂತು. ನಮ್ಮ ಮಾಲು ಪೂರ್ತಿ ಒಳಗೇ ಮಾರುವುದು, ಕ್ವಾಚಾದಲ್ಲೇ. ಇನ್ನೊಂದು ಹೇಳಬೇಕು. ಆ ವ್ಯಾಪಾರಿ ಒಂದೂವರೆ ಕೋಟಿಯನ್ನು ಷೇರಾಗಿ ಬೇಡ, ಸಾಲದ ರೂಪದಲ್ಲಿ ಕೊಡಿ ಅನ್ನುತ್ತಿದ್ದಾರೆ.

ಬಳ್ಳಾರಿ, ಮೊಜಾಂಬಿಕ್‌ನ ಕಲ್ಲಿದ್ದಲು ಗಣಿಯಲ್ಲಿ ಎಂಜಿನಿಯರ್ ಆಗಿದ್ದವನು

ದಾರಿಯ ಬಗ್ಗೆ ಯಾರೂ ಹೇಳಲಿಲ್ಲ. ನಾನಿದ್ದ ಟೆಟೆ ಪ್ರಾಂತ್ಯದಲ್ಲಿ ಕಲ್ಲಿದ್ದಲು ಬೇಕಾದಷ್ಟಿದೆ, ಸಮುದ್ರ ಮಾತ್ರ ದೂರ. ರಿಯೊ ಟಿಂಟೊ 2011ರಲ್ಲಿ ಸುಮಾರು 370 ಕೋಟಿ ಡಾಲರ್ ಸುರಿದು ಅಲ್ಲಿನ ಗಣಿ ಕೊಂಡಿತು. ಜಾಂಬೆಜಿ ನದಿಯಲ್ಲಿ ದೋಣಿ ಮೇಲೆ ಕಲ್ಲಿದ್ದಲು ಸಾಗಿಸುವ ಲೆಕ್ಕ ಇತ್ತು, ಸರ್ಕಾರ ಒಪ್ಪಲಿಲ್ಲ. ರೈಲು ಹಳಿಗೆ ಅಷ್ಟು ತಾಕತ್ತಿಲ್ಲ. ನೆಲದಡಿ ಅಂದುಕೊಂಡಷ್ಟು ಒಳ್ಳೇ ಕಲ್ಲಿದ್ದಲೂ ಇರಲಿಲ್ಲ. 2014ರಲ್ಲಿ ಮಾರಿದ್ದು 5 ಕೋಟಿ ಡಾಲರಿಗೆ. ಕೊಂಡವರು ಯಾರು ಗೊತ್ತಾ? ನಮ್ಮ ಸರ್ಕಾರಿ ಕಂಪನಿಗಳು ಸೇರಿ ಕಟ್ಟಿದ ಐಸಿವಿಎಲ್. ಅಷ್ಟು ದೊಡ್ಡವರಿಗೇ ದಾರಿಯ ಲೆಕ್ಕ ತಪ್ಪಿತು.

ಆ ದೇಶದ ಸರ್ಕಾರಿ ಕಂಪನಿಗಳು ಸಂಸತ್ತಿಗೂ ಹೇಳದೆ ಮಾಡಿದ್ದ ಸಾಲ 2016ರಲ್ಲಿ ಬಯಲಾಯಿತು. ದಾನಿಗಳು ಕೈ ಹಿಂದೆ ತೆಗೆದರು. ನಮ್ಮ ಕ್ಯಾಂಪಿಗೆ ತರಕಾರಿ ತರುವವನ ಲಾರಿಗೆ ಟೈರ್ ಸಿಗದ ಮಟ್ಟಕ್ಕೆ ಹೋಯಿತು, ಅಷ್ಟೇ ಹೇಳುತ್ತೇನೆ.

ಜಾಂಬಿಯಾಕ್ಕಂತೂ ಸಮುದ್ರವೇ ಇಲ್ಲ. ನಿಮ್ಮ ಕಂಟೇನರ್ ಮುಂಬೈ ಬಳಿಯ ನಾವಾ ಶೇವಾ ಬಂದರಿನಿಂದ ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ, ಅಲ್ಲಿಂದ ಲಾರಿಯಲ್ಲಿ ತುಂಡುಮಾ ಗಡಿ ದಾಟಿ ಹೋಗಬೇಕು. ಗಡಿಯಲ್ಲಿ ಸಾಲು ಕಿಲೋಮೀಟರ್‌ಗಟ್ಟಲೆ. ತಯಾರಾದ ಪಂಪಿಗೂ ಬಿಡಿಭಾಗಕ್ಕೂ ಸಾಗಣೆ ಖರ್ಚು, ಸುಂಕ ಎಷ್ಟೆಷ್ಟು ಅಂತ ಮೊದಲು ಕೂಡಿಸಿ. ಆ ವ್ಯತ್ಯಾಸದಲ್ಲೇ ನಿಮ್ಮ ಘಟಕ ಬದುಕಬೇಕು.

ಸೊಲ್ವೆಜಿ, ಗಣಿ ಯಂತ್ರಗಳ ಸರ್ವಿಸ್ ಕೆಲಸ

ಎಲ್ಲರೂ ಸೇರಿ ಹೆದರಿಸಬೇಡಿ. ನಾನು ಈಗಲೂ ಇಲ್ಲೇ, ಜಾಂಬಿಯಾದಲ್ಲೇ ಇದ್ದೇನೆ. ಇಲ್ಲಿನ ಕಾನ್ಸಾನ್ಶಿ ಗಣಿಯನ್ನು ಫಸ್ಟ್ ಕ್ವಾಂಟಂ ಕಂಪನಿ 125 ಕೋಟಿ ಡಾಲರ್ ಹಾಕಿ ವಿಸ್ತರಿಸಿದೆ. 2022ರಲ್ಲಿ ತೀರ್ಮಾನ ಆದಾಗಿಂದ ಊರಲ್ಲಿ ಲಾಡ್ಜು, ಗ್ಯಾರೇಜು, ವೆಲ್ಡಿಂಗ್ ಶಾಪು ಎದ್ದಿವೆ. ಗಣಿ ಗುತ್ತಿಗೆದಾರರು ಡಾಲರ್ ಲೆಕ್ಕದಲ್ಲೇ ಬಿಲ್ ಕಟ್ಟುತ್ತಿದ್ದರು. ಗಣಿಯ ನೀರು ಎತ್ತುವ ಪಂಪಿನ ಬಿಡಿಭಾಗಕ್ಕೆ ದಕ್ಷಿಣ ಆಫ್ರಿಕಾದಿಂದ ವಾರಗಟ್ಟಲೆ ಕಾಯುತ್ತೇವೆ. ರೈತರನ್ನೇ ನಂಬಬೇಡಿ, ಈ ಕಡೆಗೂ ನೋಡಿ ಸರ್.

ಕಂಪಾಲಾ, ಅಂಗಡಿ ನಡೆಸುವವಳು

ನಮ್ಮ ಮಾವನವರದು ಗುಜರಾತಿ ಮನೆ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರಿಗೆ 90 ದಿನದಲ್ಲಿ ಹೊರಡಿ ಅಂದಾಗ ಅಂಗಡಿಗೆ ಬೀಗ ಹಾಕಿ ಹೋದವರು. ತೊಂಬತ್ತರ ದಶಕದಲ್ಲಿ ಮುಸೆವೆನಿ ಸರ್ಕಾರ ಆಸ್ತಿ ವಾಪಸ್ ಕೊಡಲು ಶುರು ಮಾಡಿದ ಮೇಲೆ ಬಂದರು. ಉಗಾಂಡಾಕ್ಕೆ ಹಣ ಬಂದದ್ದಕ್ಕೆ ಸಾಲಮನ್ನಾ ಕಾರಣ ಅನ್ನುತ್ತಾರೆ. ನಮ್ಮ ಮಾವನಿಗೆ ಐಎಂಎಫ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಕಿತ್ತುಕೊಂಡದ್ದನ್ನು ತಿರುಗಿ ಕೊಟ್ಟರು, ಅದಕ್ಕೆ ಬಂದರು, ಅಷ್ಟೇ.

ನೀವು ಮೊದಲು ಗೋದಾಮು ಮಾಡಿ ತಮ್ಮಾ, ಬಾಡಿಗೆಗೆ. ನಿಮ್ಮ ಮಾಲು, ನಿಮ್ಮ ಮನುಷ್ಯ, ನಿಮ್ಮ ಬೀಗ. ಎರಡು ಮಳೆಗಾಲ ನೋಡಿ. ಆ ವ್ಯಾಪಾರಿ ಮೂರು ವರ್ಷ ಹಣ ಹೊತ್ತಿಗೆ ಕೊಟ್ಟಿದ್ದಾರಾ? ಅದನ್ನು ನೀವು ಬರೆಯಲೇ ಇಲ್ಲ.

ಹುಬ್ಬಳ್ಳಿ, ಸಿಎ

ಸಾಲದ ರೂಪದಲ್ಲಿ ಕೊಡಿ ಅನ್ನುತ್ತಿರುವುದರ ಬಗ್ಗೆ. ನಮ್ಮ 2022ರ ವಿದೇಶಿ ಹೂಡಿಕೆ ನಿಯಮದಲ್ಲಿ ಸುಮ್ನೆ ಸಾಲ ಅಂತ ಕಳಿಸಲು ಬರುವುದಿಲ್ಲ. ಮೊದಲು ಆ ಕಂಪನಿಯಲ್ಲಿ ನಿಮಗೆ ಷೇರು ಮತ್ತು ಹಿಡಿತ ಇರಬೇಕು. ಆಮೇಲೆ ಬರಹದ ಒಪ್ಪಂದ ಮಾಡಿ, ಮಾರುಕಟ್ಟೆ ಬಡ್ಡಿಗೆ ಸಾಲ. ಹಣ ಕಳಿಸುವ ಮೊದಲು ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಕೊಟ್ಟು ಗುರುತಿನ ಸಂಖ್ಯೆ ಪಡೆಯಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಅಲ್ಲಿನ ಲೆಕ್ಕ ಒಪ್ಪಿಸಬೇಕು. ತಪ್ಪಿಸಿ ಒದ್ದಾಡಿದ ಕಕ್ಷಿದಾರರು ನನ್ನ ಬಳಿಯೇ ಇದ್ದಾರೆ.

ಷೇರು, ಸಾಲ ಎರಡೂ ಬೆರೆಸುವುದು ತಪ್ಪಲ್ಲ. ಲಾಭ ಇಲ್ಲದ ವರ್ಷವೂ ಬಡ್ಡಿ ಕೇಳಬಹುದು. ಆದರೆ ಪೂರ್ತಿ ಸಾಲ ಅಂದರೆ ಮಾಲೀಕತ್ವ ಅವರದು, ಕ್ವಾಚಾ ಬಿದ್ದರೆ ತಲೆನೋವು ನಿಮ್ಮದು. ರಫ್ತಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯಲ್ಲಿ ವಿದೇಶಿ ಹೂಡಿಕೆಗೆ ವಿಮೆ ಸಿಗುತ್ತದೆ: ಯುದ್ಧ, ಜಪ್ತಿ, ಹಣ ಹೊರಗೆ ತರಲು ತಡೆ ಇಷ್ಟಕ್ಕೆ. ಕರೆನ್ಸಿ ಬಿದ್ದರೆ ಅವರು ಕೊಡುವುದಿಲ್ಲ.

ಕೇಳಿದವರು, ಬೆಳಗಾವಿ

ಕಂಪಾಲಾದ ಅಕ್ಕನ ಪ್ರಶ್ನೆ ನೋಡಿ ಖಾತೆ ಪುಸ್ತಕ ತೆಗೆಸಿದೆ. ಮೊದಲ ವರ್ಷ 45 ದಿನದಲ್ಲಿ ಹಣ ಬಂದಿದೆ. ಹೋದ ವರ್ಷ 110 ದಿನ. ಇನ್ನೂ ಎರಡು ಬಿಲ್ ಬಾಕಿ. ಅಪ್ಪನಿಗೆ ಇದು ಮೊದಲೇ ಗೊತ್ತಿತ್ತಂತೆ, ನಮ್ಮನ್ನು ಕೇಳಿದ್ಯಾರು ಅಂದರು. ಘಟಕದ ಮಾತು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇವೆ. ತಮ್ಮ ಮುಂದಿನ ತಿಂಗಳು ಹೋಗಿ ಲುಸಾಕಾದಲ್ಲಿ ಗೋದಾಮು ನೋಡಿ, ಸೊಲ್ವೆಜಿಯವರನ್ನೂ ಕಂಡು ಬರುತ್ತಾನೆ. ಊಟಕ್ಕೆ ಅಲ್ಲಿ ಏನು ಗತಿ?

ಕಿಟ್ವೆಯಲ್ಲಿದ್ದವನು

ನ್ಶಿಮಾ. ಬಿಳಿ ಮೆಕ್ಕೆಜೋಳದ ಮುದ್ದೆ, ಜೊತೆಗೆ ಸೊಪ್ಪು, ಮೀನು. ರೊಟ್ಟಿ ಸಿಗುವುದಿಲ್ಲ. ಶೇಂಗಾ ಚಟ್ನಿಪುಡಿ ಎರಡು ಕೆಜಿ ಒಯ್ಯಲು ಹೇಳಿ, ಒಂದು ಕೆಜಿ ನನ್ನ ಹಳೇ ಗೆಳೆಯರಿಗೆ.